ಯಾವ ತಾಯಿಯ ಮಗ

ನವ್ಯ ದೊಡ್ಡವಳಾದ ಸುದ್ದಿ ಬಂದಾಗ ಅವಳ ತಾಯಿ ಕಲಾ ಟೊಮೊಟೊ ಸಾಲಿನಲ್ಲಿ ಬಗ್ಗಿದ್ದಳು. ನಾನು ಪಕ್ಕದ ಸಾಲಿನಲ್ಲಿದ್ದೆ. ಕಲಾ ಸೊಂಟ ನೆಟ್ಟಗೆ ಮಾಡಿದಳು. ನಗಲಿಲ್ಲ. ತುಂಬಿದ ಕ್ರೇಟಿನ ಮೇಲೆ ಕೂರಲು ಹೋದವಳು ಮೇಸ್ತ್ರಿ ಬೈದಾನು ಅಂತ ಮಣ್ಣಿಗೆ ಕೂತಳು.

"ಗುಡ್ಲು ಆಕೋರು ಯಾರು ಅಮ್ಮಾಜತ್ತೆ?" ಅಂದಳು.

ಅವಳ ಸಂಕಟ ನನಗೆ ಗೊತ್ತಿತ್ತು. ನಮ್ಮ ಜನದಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಬರಬೇಕು. ಹಸಿ ತೆಂಗಿನ ಗರಿ ಹೊತ್ತು ತಂದು ಮನೆ ಮುಂದೆ ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಇರಬೇಕು. ನೀರು ಹಾಕುವ ದಿನ ಅವಳನ್ನು ಮಣೆಯ ಮೇಲೆ ಕೂರಿಸುತ್ತೇವೆ. ಅವಳ ಕೈಹಿಡಿದು ಎಬ್ಬಿಸುವವನು ಮಾವ. ಎಬ್ಬಿಸಿದ ಮೇಲೆ ಅವಳು ಅವನ ಹಿಂದೆ ಹೋಗಿ ಅವನ ಮನೆಯಲ್ಲಿ ಮೊದಲ ಊಟ ಮಾಡಬೇಕು. ಕೆಲವು ದಿನ ಅಲ್ಲೇ ಇರಬೇಕು. ಇಷ್ಟೂ ನಡೆಯದಿದ್ದರೆ ಹುಡುಗಿಯನ್ನು ಎಬ್ಬಿಸಿದ ಹಾಗಾಗುವುದಿಲ್ಲ. ನೆರೆಯವರ ಬಾಯಿ ಸುಮ್ಮನಿರುವುದಿಲ್ಲ.

ಕಲಾಳಿಗೆ ಅಣ್ಣನಿಲ್ಲ. ಅವಳು ಕೆಜಿಎಫ್‌ನ ಮಾರಿಕುಪ್ಪಂ ಲೈನಿನ, ಅಂದರೆ ಗಣಿ ಕೂಲಿಗಳ ಸಾಲುಮನೆಯ ಹುಡುಗಿ. ಗಣಿ ಮುಚ್ಚಿದ ಮೇಲೆ ಅವಳ ಅಣ್ಣ ಕಬ್ಬಿಣ ಹೆಕ್ಕಲು ಹಳೇ ಶಾಫ್ಟಿಗೆ ಇಳಿದ. ಮೇಲೆ ಬರಲಿಲ್ಲ. ಆಗ ಅವಳಿನ್ನೂ ಲಂಗ ಉಡುತ್ತಿದ್ದಳು. ಬೂದಿಕೋಟೆ ರಸ್ತೆಯ ನಮ್ಮ ಕಾಲೋನಿಗೆ ಸೊಸೆಯಾಗಿ ಬಂದಾಗಲೂ ಕಳಿಸಲು ಅಣ್ಣನಿರಲಿಲ್ಲ. ಬಸ್ಸಿಳಿದು ಒಬ್ಬಳೇ ನಡೆದು ಬಂದವಳು ಅಂತ ಹೆಂಗಸರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಅವಳು ಕೈ ಉಜ್ಜುತ್ತಾ ಕೂತಿದ್ದಳು. ಟೊಮೊಟೊ ಕಿತ್ತ ಕೈ ಹಸಿರುಗಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಕಾಯಿ ಟೊಮೊಟೊ ಹಿಸುಕಿ ಉಜ್ಜಬೇಕು. ಆಗಲೂ ಉಗುರಿನ ಸಂದಿನ ಕಪ್ಪು ಹೋಗುವುದಿಲ್ಲ. ಆ ಕೈಯಲ್ಲೇ ಮಗಳ ತಲೆ ಮುಟ್ಟಲು ಅವಳು ಮನೆಗೆ ಓಡಿದಳು. ಉಳಿದ ಅರ್ಧ ದಿನದ ಕೂಲಿಯನ್ನು ಮೇಸ್ತ್ರಿ ಹಿಡಿದುಕೊಂಡ.

ಮಾರನೆಯ ಬೆಳಿಗ್ಗೆ ಕಾಲೋನಿಯ ಬೋರ್‌ವೆಲ್ ಹತ್ತಿರ ಬಿಳಿ ಕಾರು ನಿಂತಿತು. ಅದರ ಮೇಲೆ ಹಸಿ ಗರಿ ಕಟ್ಟಿತ್ತು. ಇಳಿದವನು ಪೆರುಮಾಳ್.

ಅವನು ನಮಗೆ ಹೊಸಬನಲ್ಲ. ಹಿಂದಿನ ತಿಂಗಳು ಶಾಲೆಯ ಮುಂದೆ ಜಾಥಾ ನಡೆದಿತ್ತು. ಮಕ್ಕಳನ್ನು ಕದ್ದು ಮಾರುವವರಿಂದ ಕಾಪಾಡಲು ದೇಶದಲ್ಲೆಲ್ಲ ಕೆಲಸ ನಡೆಯುತ್ತಿದೆ, ದಿಲ್ಲಿಯಿಂದ ಯೋಜನೆ ಬಂದಿದೆ, ಹಳ್ಳಿ ಹಳ್ಳಿಗೂ ಕಾವಲು ಸಮಿತಿ ಆಗುತ್ತಿದೆ ಅಂತ ಮೈಕಿನಲ್ಲಿ ಹೇಳಿದರು. ಯಾವುದೋ ಸಂಸ್ಥೆಯವರು ಗೋಡೆಗೆ ಫೋನ್ ನಂಬರ್ ಬರೆಸಿದರು. ನಮ್ಮ ಸಮಿತಿಗೆ ಪಂಚಾಯಿತಿ ಮೆಂಬರ್ ಚಿಕ್ಕಮುನಿಯಪ್ಪ ಅಧ್ಯಕ್ಷ. ಪೆರುಮಾಳ್ ಸಂಚಾಲಕ. ಎದೆಯ ಮೇಲೆ ಕಾರ್ಡು ನೇತುಹಾಕಿಕೊಂಡು ಮಕ್ಕಳಿಂದ ಪ್ರತಿಜ್ಞೆ ಹೇಳಿಸಿದವನು ಅವನೇ. ಗುರುತಿಲ್ಲದವರು ಕೊಟ್ಟ ತಿಂಡಿ ತಿನ್ನುವುದಿಲ್ಲ, ಗುರುತಿಲ್ಲದವರ ಗಾಡಿ ಹತ್ತುವುದಿಲ್ಲ. ಮಕ್ಕಳು ಗಂಟಲು ಹರಿಯುವ ಹಾಗೆ ಕೂಗಿದರು. ನವ್ಯ ಮೊದಲ ಸಾಲಿನಲ್ಲಿದ್ದಳು.

ಗುರುತಿಲ್ಲದವರು ನಮ್ಮ ಕಾಲೋನಿಗೆ ಯಾಕೆ ಬರುತ್ತಾರೆ? ಬಂದವರೆಲ್ಲ ಅಣ್ಣ ಅಂತಲೋ ಮಾವ ಅಂತಲೋ ಬರುತ್ತಾರೆ. ಅದನ್ನು ಆ ಪ್ರತಿಜ್ಞೆಯಲ್ಲಿ ಯಾರೂ ಬರೆದಿರಲಿಲ್ಲ.

ಜಾಥಾ ಮುಗಿದ ಮೇಲೆ ಪೆರುಮಾಳ್ ಕಲಾಳನ್ನು ಮಾತಾಡಿಸಿದ್ದ. ಯಾವ ಲೈನು, ಮನೆದೇವರು ಯಾರು, ಅಣ್ಣತಮ್ಮಂದಿರು ಎಷ್ಟು ಅಂತ ಕೇಳಿದ್ದ. ಅವಳು ಹೇಳಿದ್ದಳು. ತನ್ನದೂ ಅದೇ ದೇವರು ಅಂದ. ಒಂದೇ ಮನೆದೇವರ ಒಕ್ಕಲು ಅಂದರೆ ನಮ್ಮಲ್ಲಿ ಒಡಹುಟ್ಟಿದ ಹಾಗೆ. ಅವರಲ್ಲಿ ಹೆಣ್ಣು ಕೊಟ್ಟು ತರುವ ಮಾತಿಲ್ಲ. "ನಿಮ್ಮಣ್ಣನ ಜೊತೆ ಗೋಲಿ ಆಡಿದವನು ನಾನು, ತಂಗಚ್ಚಿ" ಅಂದ. ಆ ಮಾತಿಗೆ ಕಲಾ ಸೆರಗು ಬಾಯಿಗಿಟ್ಟುಕೊಂಡು ಅತ್ತದ್ದನ್ನು ನಾನು ನೋಡಿದೆ.

ಅವನು ಕೊಟ್ಟುಹೋಗಿದ್ದ ನಂಬರಿಗೆ ಕಲಾ ರಾತ್ರಿ ಫೋನು ಮಾಡಿಸಿದ್ದಳು. ಈಗ ಗರಿ ಹೊತ್ತು ಬಂದ. ತೆಂಗಿನ ಮರಗಳೆಲ್ಲ ಊರೊಳಗಿನವರವು. ನಾವು ಒಂದು ಗರಿ ಬೇಕು ಅಂದರೆ ಬೇಲಿಯಾಚೆ ನಿಂತು ಕೂಗಬೇಕು. ಇವನು ಕಾರಿನ ತುಂಬ ತಂದಿದ್ದ. ಪ್ಯಾಂಟು ಮಡಿಸಿ, ಬೆವರು ಸುರಿಸಿ, ತನ್ನ ಕೈಯಾರೆ ಗುಡ್ಲು ಕಟ್ಟಿದ. ಕಲಾಳ ಗಂಡ ಮುನೇಶ ಗಾರೆ ಕೆಲಸದವನು. ಬೇರೆಯವರ ಮನೆಗೆ ಕಟ್ಟಿದ ಗೋಡೆಗಳಿಗೆ ಲೆಕ್ಕವಿಲ್ಲ, ಆ ಯಾವ ಮನೆಯ ಒಳಗೂ ಅವನಿಗೆ ಕೂರಲು ಹೇಳಿದವರಿಲ್ಲ. ಕಾರಿನವನು ಅವನ ಚಾಪೆಯ ಮೇಲೆ ಕೂತು, ಅವನ ಲೋಟದಲ್ಲಿ ನೀರು ಕುಡಿದು, ಭಾವ ಅಂತ ಕರೆದ. ಮುನೇಶನ ಕತ್ತು ನೆಟ್ಟಗಾಯಿತು. ಅವತ್ತಿನಿಂದ ಅವನು ನಮ್ಮ ಯಾರ ಜೊತೆಯೂ ಮೊದಲಿನಂತೆ ಮಾತಾಡಲಿಲ್ಲ.

ನಾನು ಪದ ಹೇಳುವವಳು. ಸೋಬಾನೆ ನನ್ನ ಅವ್ವನಿಂದ ಬಂದದ್ದು, ಅವಳಿಗೆ ಅವಳ ಅವ್ವನಿಂದ. ನನಗೆ ಅಕ್ಷರ ಬರುವ ಮೊದಲೇ ಪದ ಬಂತು. ಬೇರೆ ಮಕ್ಕಳು ಆಡುವಾಗ ನಾನು ಗೋಡೆಗೊರಗಿ ಕೇಳುತ್ತಿದ್ದೆ. ಗುಡ್ಲು ಹಾಕಿದಾಗ ಮಾವನನ್ನು ಪದದಲ್ಲಿ ಕರೆಯಬೇಕು. ಅವನ ಹೆಸರು, ಅವನ ತಾಯಿಯ ಹೆಸರು, ಅವನ ಮನೆದೇವರು. ಮೂರೂ ಸೇರಿದರೆ ಅವನು ಹೊಸಿಲು ದಾಟಬಹುದು. ಪದವನ್ನು ದೀಪದ ಮುಂದೆ ಹೇಳುತ್ತೇವೆ. ಅದರೊಳಗೆ ಸುಳ್ಳು ಸೇರಿಸುವಂತಿಲ್ಲ.

ಅವನ ತಾಯಿಯ ಹೆಸರು ಕೇಳಿದೆ. ವೆಂಕಟರತ್ನಮ್ಮ ಅಂದ. ಕೈ ಮುಗಿದು ಅಂದ. ಹಾಗೇ ಹೇಳಿದೆ. ಅವನ ಹೆಸರಿನ ನುಡಿ, ದೇವರ ನುಡಿ ಇದರ ನಂತರ ಬರುತ್ತವೆ.

ಹಸಿಯ ಗರಿಯ ಹೊತ್ತು ತಂದ ಅಣ್ಣ ಯಾರವ್ವ
ಯಾವ ತಾಯ ಎದೆಯ ಹಾಲು ಉಂಡು ಬೆಳೆದನವ್ವ
ವೆಂಕಟರತ್ನಮ್ಮ ತಾಯ ಮಡಿಲ ಕೂಸವ್ವ
ತಂಗಿ ಮಗಳ ಎಬ್ಬಿಸಲು ಬಂದ ಸೋಬಾನೆ

ಕಲಾ ದೀಪದ ಎದುರು ನಿಂತಿದ್ದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನವ್ಯ ಗುಡ್ಲಿನೊಳಗೆ ಚಿಗಳಿ ಉಂಡೆ ತಿನ್ನುತ್ತಾ ಕೂತಿದ್ದಳು. ಶಾಲೆಯ ಬ್ಯಾಗು ಕೇಳಿ ತರಿಸಿಕೊಂಡಿದ್ದಳು. ಒಮ್ಮೆ ನಾನು ನೀರು ಕೊಡಲು ಬಗ್ಗಿದಾಗ ಮೆಲ್ಲಗೆ ಅಂದಳು, "ಅಜ್ಜಿ, ಮಾವ ನನ್ನ ಕೊಯಮತ್ತೂರು ಕಡೆ ಆಸ್ಟೆಲ್‌ಗೆ ಸೇರಿಸ್ತಾರಂತೆ. ಅವ್ರ ಮನೆಯಿಂದ ಅಂಗೇ ಓಗೋದಂತೆ. ನಂಗೆ ಇಲ್ಲೇ ಇಸ್ಕೂಲ್ ಇತ್ತಲ್ಲ."

ನಾನು ಕಲಾಳನ್ನು ಕೇಳಿದೆ. ಓದು, ಹೊಲಿಗೆ ಎರಡೂ ಕಲಿಸುತ್ತಾರಂತೆ, ಇಲ್ಲಿದ್ದರೆ ಅವಳ ಕೈಯೂ ನನ್ನ ಕೈಯಂತೆ ಕಪ್ಪಾಗುತ್ತದೆ ಅಂದಳು. 

ಕಲಾ ಮನೆಯಲ್ಲೇ ಉಳಿದಳು. ನಾನು ಕೂಲಿಗೆ ಹೋಗಲೇಬೇಕಿತ್ತು. ಮೇಸ್ತ್ರಿ ನಮ್ಮನ್ನು ಲಗೇಜ್ ಆಟೋದಲ್ಲಿ ತುಂಬಿಕೊಂಡು ಬೇತಮಂಗಲದ ಕಡೆಯ ತೋಟಕ್ಕೆ ಬಿಟ್ಟ. ಬೇರೆ ಊರಿನ ಹೆಂಗಸರೂ ಇದ್ದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೆನ್ನು ಬಾಗಿದ ಹಾಗೇ ನಿಂತುಬಿಡುತ್ತದೆ. ನೀರಿಗೆ ಅಂತ ಬದುವಿನ ಮೇಲೆ ಕೂತೆವು. ಒಬ್ಬಳು ತನ್ನ ಕೈ ತೋರಿಸಿ, ಈ ಕೈಲಿ ಮುದ್ದೆ ಕೊಟ್ರೆ ನನ್ ಗಂಡ ಕರಿಮುದ್ದೆ ಅಂತ ಇನ್ನೊಂದ್ ಕೇಳ್ತಾನೆ ಅಂದಳು. ಎಲ್ಲರೂ ನಕ್ಕರು. ನಗದವಳು ಒಬ್ಬಳೇ. ಮೂಲೆಯಲ್ಲಿ ಕೂತು ಏನೋ ಗುನುಗುತ್ತಿದ್ದಳು.

ನನಗೆ ಪದ ಕಿವಿಗೆ ಬಿದ್ದರೆ ಬೇರೇನೂ ಕೇಳಿಸುವುದಿಲ್ಲ. ಅದು ನಮ್ಮ ಸೋಬಾನೆಯೇ. ಅವಳದು ತೆಲುಗು ಬೆರೆತ ಧಾಟಿ. ಆದರೆ ಕರೆದ ಹೆಸರು ಪೆರುಮಾಳ್. ತಾಯಿಯ ಹೆಸರು ಮುನಿನಾರಾಯಣಮ್ಮ.

ನಾನು ಅವಳ ಹತ್ತಿರ ಸರಿದೆ. ಯಾರ ಪದ ಅಕ್ಕ ಅದು ಅಂದೆ.

"ನನ್ ಮಗಳ್ದು" ಅಂದಳು. "ಸುಮಿತಾ ಅಂತ. ಓದ್ ವರ್ಸ ಗುಡ್ಲಲ್ಲಿ ಕೂತಾಗ ಯೋಳಿಸಿದ್ದು."

ಅವಳು ಮುತ್ಯಾಲಮ್ಮ. ಗಂಡ ಸತ್ತವಳು. ಅವಳಿಗೂ ಅಣ್ಣನಿಲ್ಲ. ಕೆಜಿಎಫ್ ಕಡೆಯಿಂದ ಒಬ್ಬ ಬಂದ, ಎದೆಯ ಮೇಲೆ ಮಕ್ಕಳ ಸಮಿತಿಯ ಕಾರ್ಡು, ನಿಮ್ಮ ಮನೆದೇವರೇ ನಮ್ಮ ಮನೆದೇವರು ಅಂದ, ಗರಿ ತಂದ, ಕೈಹಿಡಿದು ಎಬ್ಬಿಸಿದ, ಕರೆದುಕೊಂಡು ಹೋದ. ಅವರ ದೇವರು ಬೇರೆ, ಕಲಾಳ ದೇವರು ಬೇರೆ. ಹುಡುಗಿ ವಾಪಸ್ ಬರಲಿಲ್ಲ. ಹಾಸ್ಟೆಲ್ಲಿಗೆ ಸೇರಿಸಿದ್ದೆ, ಅಲ್ಲಿಂದ ಯಾರದೋ ಜೊತೆ ಓಡಿಹೋದಳು ಅಂದನಂತೆ. ಸ್ಟೇಷನ್ನಿನಲ್ಲಿ ಇವಳನ್ನು ದಿನವಿಡೀ ಮರದ ಕೆಳಗೆ ಕೂರಿಸಿ, ನೀವೇ ಕಳಿಸ್ತೀರಿ, ನೀವೇ ಅಳ್ತೀರಿ ಅಂದರಂತೆ.

ಒಂದೇ ಒಂದು ಸಲ ಮಗಳ ಫೋನು ಬಂದಿತ್ತು. ಯಾರದೋ ಫೋನಿಂದ, ಪಿಸುಮಾತಿನಲ್ಲಿ.

"ಏನಂದ್ಲು?" ಅಂತ ಕೇಳಿದೆ.

ಮುತ್ಯಾಲಮ್ಮ ಕಾಯಿ ಟೊಮೊಟೊ ಒಂದನ್ನು ಹಿಸುಕಿ ಕೈಗೆ ಉಜ್ಜುತ್ತಿದ್ದಳು. ಉಜ್ಜುವುದು ನಿಲ್ಲಿಸಲಿಲ್ಲ. "ಅಮ್ಮಾ, ಇಲ್ಲಿ ಬಾಗ್ಲು ಒರಗ್ನಿಂದ ಆಕ್ತಾರೆ ಅಂದ್ಲು. ಅಷ್ಟೇ."

ಆಮೇಲೆ ಆ ಸಾಲಿನಲ್ಲಿ ನಾನು ಏನು ಕಿತ್ತೆನೋ ಗೊತ್ತಿಲ್ಲ. ಹಣ್ಣಿನ ಜೊತೆ ಕಾಯಿ ಕಿತ್ತಿದ್ದೀಯ ಅಂತ ಮೇಸ್ತ್ರಿ ಬೈದ. ಒಬ್ಬ ಗಂಡಸಿಗೆ ಎಷ್ಟು ಜನ ತಾಯಂದಿರು? ಅವನು ತನ್ನ ಹೆಸರನ್ನು ಬದಲಿಸಿರಲಿಲ್ಲ. ಹೆಸರು ಕಾರ್ಡಿನಲ್ಲಿರುವುದು. ಆಫೀಸಿನವರು ನೋಡುವುದು ಅದನ್ನೇ. ತಾಯಿಯ ಹೆಸರು ಪದದಲ್ಲಿರುವುದು. ಕೂಲಿ ಹೆಂಗಸರ ಪದವನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದ.

ಸಂಜೆ ಆಟೋ ಇಳಿದವಳೇ ಕಲಾಳ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಡಲಿಲ್ಲ. ಎಲ್ಲೋ ಒಬ್ಬಳ ಮಗಳು ಓಡಿಹೋದರೆ ನನ್ನ ಅಣ್ಣ ಏನು ಮಾಡುತ್ತಾನೆ ಅಂದಳು. ಪೆರುಮಾಳ್ ಅನ್ನುವ ಹೆಸರು ಕೆಜಿಎಫ್‌ನಲ್ಲಿ ಲೈನಿಗೆ ಹತ್ತು ಜನಕ್ಕಿದೆ ಅಂದಳು. ಕೊನೆಗೆ ಮೊರ ಇಟ್ಟಳು.

"ಇಷ್ಟ್ ವರ್ಸಕ್ಕೆ ಒಬ್ಬ ಅಣ್ಣ ಬಂದವ್ನೆ. ನಿಮ್ಗೆ ಒಟ್ಟೆಕಿಚ್ಚು ಅತ್ತೆ."

ನಾನು ಎದ್ದು ಬಂದೆ. ಅಂಗನವಾಡಿಯ ಸೆಲ್ವಿ ಇನ್ನೂ ಬೀಗ ಹಾಕಿರಲಿಲ್ಲ. ಅವಳಿಗೆ ಹೇಳಿ, ಗೋಡೆಯ ಮೇಲಿದ್ದ ಸಂಸ್ಥೆಯ ನಂಬರಿಗೆ ಫೋನು ಮಾಡಿಸಿದೆ. ಆ ಕಡೆ ಒಂದು ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿತು. ಊರಿನ ಹೆಸರು, ಮಗುವಿನ ಹೆಸರು ಬರೆದುಕೊಂಡಿತು. ಭಯಪಡಬೇಡಿ, ದೂರನ್ನು ಈಗಲೇ ನಿಮ್ಮ ಊರಿನ ಕಾವಲು ಸಮಿತಿಗೆ ಕಳಿಸುತ್ತೇವೆ, ಅವರೇ ಬಂದು ನೋಡುತ್ತಾರೆ ಅಂದಿತು.

ಸೆಲ್ವಿ ಫೋನು ಇಟ್ಟಳು. ನನ್ನ ಮುಖ ನೋಡಿದಳು. 

ಮಾರನೆಯ ಸಂಜೆ ಪೆರುಮಾಳ್ ನನ್ನ ಮನೆ ಬಾಗಿಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ. ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದ. ನೀರು ಕೇಳಿ ಕುಡಿದ. ಸಿಟ್ಟಿನ ಒಂದು ಗೆರೆಯೂ ಅವನ ಮುಖದಲ್ಲಿರಲಿಲ್ಲ. ನಿಮ್ಮಂಥವರು ಫೋನು ಮಾಡಬೇಕು ಅಮ್ಮ, ಸಮಾಜಕ್ಕೆ ಜಾಗೃತಿ ಬೇಕು, ನಾನು ಎಲ್ಲ ಊರಲ್ಲೂ ಇದನ್ನೇ ಹೇಳುವುದು ಅಂದ. ಹೊರಡುವಾಗ ಲೋಟವನ್ನು ನನ್ನ ಕೈಗೇ ಕೊಟ್ಟ.

"ನಿಮ್ಮ ಕಂಠ ತುಂಬ ಚೆನ್ನಾಗಿದೆ. ಈ ವಯಸ್ಸಲ್ಲಿ ಗಂಟಲು ಜೋಪಾನ ಅಮ್ಮ."

ಆ ಲೋಟವನ್ನು ಎಷ್ಟು ಬೂದಿ ಹಾಕಿ ಉಜ್ಜಿದರೂ ನನಗೆ ಅದರಲ್ಲಿ ನೀರು ಕುಡಿಯಲಾಗಲಿಲ್ಲ.

ನೀರು ಹಾಕುವ ದಿನ ಭಾನುವಾರ. ಬೆಳಿಗ್ಗೆಯೇ ಶಾಮಿಯಾನ, ಕುರ್ಚಿ ಬಂದವು. ಎಲ್ಲ ಅವನದೇ ಖರ್ಚು. ಊರೊಳಗಿನಿಂದ ಚಿಕ್ಕಮುನಿಯಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತ. ಅವನು ನಮ್ಮ ಕಾಲೋನಿಯ ಶುಭಕಾರ್ಯಕ್ಕೆ ಬಂದದ್ದು ಅದೇ ಮೊದಲು. ನೀರು ಕೊಟ್ಟರೆ ಬೇಡ ಅಂದ, ಬಾಟಲಿ ತಂದಿದ್ದ. ಬಿಳಿ ಕಾರು ಹಿಂದಕ್ಕೆ ತಿರುಗಿ, ಮುಖ ರಸ್ತೆಯ ಕಡೆಗಿಟ್ಟು ನಿಂತಿತ್ತು. ಡ್ರೈವರ್ ಒಳಗೇ ಇದ್ದ. ಎಂಜಿನ್ ಆಗಾಗ ಗುರ್ ಅನ್ನುತ್ತಿತ್ತು.

ನಾನು ಹೇಳಿ ಕಳಿಸಿದ್ದೆ. ಮುತ್ಯಾಲಮ್ಮ ಎರಡು ಬಸ್ಸು ಬದಲಿಸಿ ಬಂದಿದ್ದಳು. ಹೆಂಗಸರ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು.

ನವ್ಯಳಿಗೆ ಅರಿಶಿನ ಹಚ್ಚಿ ನೀರು ಹಾಕಿದೆವು. ಪೆರುಮಾಳ್ ತಂದ ಸೀರೆ ಉಡಿಸಿದೆವು. ಅದು ಅವಳ ಮೈಗಿಂತ ದೊಡ್ಡದು. ಹೆಂಗಸಿನಂತೆ ಕಾಣಿಸಿದಳು.  ಮಣೆಯ ಮೇಲೆ ಕೂರಿಸಿದೆವು. ಕಲಾ ದೀಪ ಹಚ್ಚಿದಳು. ಪೆರುಮಾಳ್ ಮುಂದೆ ಬಂದು ಅಂಗೈ ಚಾಚಿದ.

ನಾನು ಪದ ಎತ್ತಿದೆ. ಹಸಿಯ ಗರಿಯ ಹೊತ್ತು ತಂದ ಅಣ್ಣ ಯಾರವ್ವ. ಹೆಂಗಸರು ಸೊಲ್ಲು ಸೇರಿಸಿದರು. ಯಾವ ತಾಯ ಎದೆಯ ಹಾಲು ಉಂಡು ಬೆಳೆದನವ್ವ. ಅಲ್ಲಿಗೆ ನಿಲ್ಲಿಸಿದೆ.

ಸೊಲ್ಲು ಹಾಗೇ ಗಾಳಿಯಲ್ಲಿ ನಿಂತಿತು. ಹೆಂಗಸರು ನನ್ನ ಕಡೆ ನೋಡಿದರು.

"ಯಾವ ತಾಯಿ ಎಸ್ರು ಯೋಳ್ಲಿ?" ಅಂದೆ. "ಇಲ್ಲಿ ವೆಂಕಟರತ್ನಮ್ಮ ಅಂದೆ. ಬೇತಮಂಗಲದ ಕಡೆ ಮುನಿನಾರಾಯಣಮ್ಮ ಅಂದಿದ್ದೀಯ. ದೇವ್ರೂ ಬೇರೆ ಯೋಳಿದ್ದೀಯ. ನೀನು ಯಾವ ತಾಯಿ ಮಗ?"

 ಜೀವನದಲ್ಲಿ ಅಷ್ಟು ಜನರ ಮುಂದೆ ಪದ ಹೇಳಿದ್ದೆ, ಮಾತಾಡಿದ್ದು ಅದೇ ಮೊದಲು.

ಪೆರುಮಾಳ್ ನಕ್ಕ. ಒಬ್ಬಳು ಹೆತ್ತವಳು, ಇನ್ನೊಬ್ಬಳು ಸಾಕಿದವಳು, ಇಬ್ಬರೂ ತಾಯಿಯೇ ಅಲ್ಲವಾ ಅಂದ. ಕೆಲವರು ತಲೆದೂಗಿದರು. ಆಗ ಹಿಂದಿನಿಂದ ಮುತ್ಯಾಲಮ್ಮ ಎದ್ದಳು. ಸೆರಗು ತಲೆಯಿಂದ ಜಾರಿತು. ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಮುಂದೆ ನಿಂತಳು. ಅಳಲಿಲ್ಲ.

"ಸುಮಿತಾ ಎಲ್ಲವ್ಳೆ ಅಣ್ಣ?"

ಅವನ ಕೈ ಚಾಚಿದ್ದ ಹಾಗೇ ಇತ್ತು. ಕಣ್ಣು ಮಾತ್ರ ಒಂದು ಸಲ ಕಾರಿನ ಕಡೆ ಹೋಗಿ ಬಂತು. ಅಕ್ಕ, ಅವಳು ಓಡಿಹೋದಾಗ ಕಂಪ್ಲೇಂಟ್ ಕೊಟ್ಟವನೇ ನಾನು, ಆ ಹುಡುಗಿಗೆ ನಡತೆ ಸರಿ ಇರಲಿಲ್ಲ, ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಹೇಳಿರಲಿಲ್ಲ ಅಂದ.

ಚಿಕ್ಕಮುನಿಯಪ್ಪ ಕುರ್ಚಿಯಿಂದ ಎದ್ದ. ಅವನ ದನಿ ಪಂಚಾಯಿತಿ ಕಟ್ಟೆಯದು. ಈ ಮಗುವಿನ ಬಗ್ಗೆ ಸಮಿತಿಗೆ ದೂರು ಬಂದಿದೆ ಅಂದ. ದೂರು ಬಂದ ಮೇಲೆ ಸರ್ಕಾರದ ನಿಯಮ ಇದೆ ಅಂದ. ಇಲ್ಲಿ ಜಗಳ ನಡೆಯುತ್ತಿದೆ, ಮಗುವಿಗೆ ಇಲ್ಲಿ ರಕ್ಷಣೆ ಇಲ್ಲ, ವಿಚಾರಣೆ ಮುಗಿಯುವ ತನಕ ಮಗು ಸಮಿತಿಯ ವಶದಲ್ಲಿರಬೇಕು ಅಂದ. ಎಲ್ಲಿ ಇಟ್ಟುಕೊಳ್ಳುತ್ತೀರಿ ಅಂತ ಸೆಲ್ವಿ ಕೇಳಿದಳು. ಸಂಚಾಲಕರ ಮನೆಯಲ್ಲಿ ಅದಕ್ಕೇ ಅಂತ ಒಂದು ರೂಮಿದೆ ಅಂದ.

ನನ್ನ ದೂರು. ನಾನು ಕಾಪಾಡಿ ಅಂತ ಮಾಡಿಸಿದ ಫೋನು. ಅದೇ ಬಂದು ಹುಡುಗಿಯ ಕೈ ಹಿಡಿಯಿತು.

"ಏನ್ಲಾ ಮುನೇಶ, ನೀನು ತಂದೆ. ಒಪ್ಪಿಗೆ ಐತೇನ್ಲಾ?" ಅಂದ ಚಿಕ್ಕಮುನಿಯಪ್ಪ.

ಮುನೇಶ ಹೆಗಲ ಟವೆಲ್ಲು ತೆಗೆದು ಕಂಕುಳಲ್ಲಿ ಹಿಡಿದ. ನೀವು ಹೇಳಿದ ಹಾಗೆ ಬುದ್ಧಿ ಅಂದ.

ಪೆರುಮಾಳ್ ಬಗ್ಗಿ ನವ್ಯಳ ಮಣಿಕಟ್ಟು ಹಿಡಿದ. ಎಳೆದ. ಅವಳು ಏಳಲಿಲ್ಲ. ಇನ್ನೊಂದು ಕೈಯಲ್ಲಿ ಮಣೆಯ ಅಂಚು ಹಿಡಿದುಕೊಂಡಿದ್ದಳು. ಬೆರಳ ಗೆಣ್ಣು ಬಿಳಿಯಾಗಿದ್ದವು. ಮತ್ತೆ ಎಳೆದ. ಮಣೆ ಸಮೇತ ಅವಳು ಅರ್ಧ ಅಡಿ ಮುಂದಕ್ಕೆ ಬಂದಳು. ಮಣೆ ನೆಲಕ್ಕೆ ಉಜ್ಜಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಅಮ್ಮನ ಕಡೆ ನೋಡಿದಳು. ಕೂಗಲಿಲ್ಲ.

"ಅಣ್ಣಾ" ಅಂದಳು ಕಲಾ.

ಅವಳ ದನಿ ಬಹಳ ಸಣ್ಣಗಿತ್ತು. ಪೆರುಮಾಳ್ ತಿರುಗಿದ.

"ನಮ್ಮಣ್ಣ ಯಾವ್ ಕೈಲಿ ಗೋಲಿ ಒಡೀತಿದ್ದ?"

ಅವನಿಗೆ ಸಮಾಧಾನವಾಯಿತು. ಅವಳು ತನ್ನ ಕಡೆಯೇ ಇದ್ದಾಳೆ ಅಂದುಕೊಂಡ. ಜನರಿಗೆಲ್ಲ ಕೇಳಿಸುವ ಹಾಗೆ ಹೇಳಿದ. "ಬಲಗೈಲಿ, ತಂಗಚ್ಚಿ. ಅವನ ಗುರಿ ಒಂದು ದಿನವೂ ತಪ್ಪಿದ್ದಿಲ್ಲ."

ಕಲಾ ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟಳು. ದೀಪ ಆರದ ಹಾಗೆ, ಮೆಲ್ಲಗೆ ಇಟ್ಟಳು.

"ನಮ್ಮಣ್ಣಂಗೆ ಬಲಗೈ ಸಣ್ಣೋನಾಗಿದ್ದಾಗ್ಲೇ ಸೊರಗೋಗಿತ್ತು. ಅನ್ನ ತಿನ್ನೋಕೂ ಎತ್ತಕ್ಕಾಯ್ತಿರ್ಲಿಲ್ಲ. ಒಂದೇ ಕೈಲಿ ಅಗ್ಗ ಇಡ್ಕೊಂಡು ಸಾಪ್ಟಿಗೆ ಇಳ್ದ. ಅದ್ಕೇ ಮೇಲಕ್ ಬರ್ಲಿಲ್ಲ."

 ನಮಗೂ ಅದು ಗೊತ್ತಿರಲಿಲ್ಲ. ಅವಳು ಒಂದು ದಿನವೂ ಹೇಳಿರಲಿಲ್ಲ.

"ಕೈ ಬಿಡು" ಅಂದಳು.

ಅವನು ಬಿಡಲಿಲ್ಲ. ಕಲಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಟೊಮೊಟೊ ಕಿತ್ತು, ಕ್ರೇಟು ಹೊತ್ತು, ಕಳೆ ಬಿಡಿಸಿ ಗಟ್ಟಿಯಾದ ಬೆರಳು ಅವಳವು. ಅವನ ಬೆರಳು ಮೆತ್ತಗಿದ್ದವು. ನವ್ಯಳ ಮಣಿಕಟ್ಟಿನಲ್ಲಿ ಅರಿಶಿನ ಅಳಿಸಿ ಕೆಂಪು ಮೂಡಿತ್ತು.

ಮಾವನಲ್ಲದೆ ಬೇರೆಯವರು ಹುಡುಗಿಯನ್ನು ಮಣೆಯಿಂದ ಎಬ್ಬಿಸಬಾರದು. ತಾಯಿಯಂತೂ ಮುಟ್ಟಲೇಬಾರದು. ಮನೆ ಹಾಳಾಗುತ್ತದೆ ಅಂತ ನಮ್ಮವರು ಹೇಳುತ್ತಾರೆ. ಕಲಾ ಮಗಳ ಎರಡೂ ಕೈ ಹಿಡಿದಳು.

"ಏಳು ಕಣಮ್ಮಿ" ಅಂದಳು. "ನಾನೇ ಎಬ್ಬಿಸ್ತಿದ್ದೀನಿ."

ನವ್ಯ ಎದ್ದಳು.

ನಿಂತಿದ್ದ ಪದವನ್ನು ನಾನು ಮತ್ತೆ ಎತ್ತಿದೆ. ಮಾವನ ಹೆಸರಿನ ಜಾಗದಲ್ಲಿ ಕಲಾಳ ಹೆಸರಿಟ್ಟೆ. ತಾಯಿಯ ಜಾಗದಲ್ಲಿ ಅವಳನ್ನು ಹೆತ್ತವಳ ಹೆಸರಿಟ್ಟೆ. ನನ್ನ ಅವ್ವನೂ ಅವಳ ಅವ್ವನೂ ಹಾಗೆ ಹೇಳಿದವರಲ್ಲ. ದೀಪದ ಮುಂದೆಯೇ ಹೇಳಿದೆ. ಮೊದಲು ನನ್ನದೊಂದೇ ದನಿ ಇತ್ತು. ಆಮೇಲೆ ಸೆಲ್ವಿ, ಆಮೇಲೆ ಮುತ್ಯಾಲಮ್ಮ, ಅವಳ ತೆಲುಗು ಧಾಟಿಯಲ್ಲೇ. ಆಮೇಲೆ ಉಳಿದವರು.

ಚಿಕ್ಕಮುನಿಯಪ್ಪನಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಇಟ್ಟುಕೊಂಡಿದ್ದ ಆಫೀಸಿನ ಭಾಷೆ ಬಿದ್ದುಹೋಯಿತು. ನಿಮ್ಮ ಜಾತಿಯವರಿಗೆ ಒಳ್ಳೇದು ಮಾಡಕ್ಕೆ ಬಂದವರ ತಲೆ ಹೊಡೀಬೇಕು ಅಂದ. ನಾಳೆಯಿಂದ ಯಾವ ತೋಟದಲ್ಲಿ ನಿಮಗೆ ಕೂಲಿ ಕೊಡುತ್ತಾರೋ ನೋಡುತ್ತೇನೆ ಅಂದ. ತಂದೆಯ ಒಪ್ಪಿಗೆ ಇದೆ, ಮಗುವನ್ನು ತಾಯಿ ಎತ್ತಿಕೊಂಡು ಹೋದಳು ಅಂತ ನಾನೇ ಬರೆದು ಕೊಡುತ್ತೇನೆ ಅಂದ. ಪೆರುಮಾಳ್ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು ಕಾರಿನ ಹತ್ತಿರ ಹೋಗಿ, ಯಾರಿಗೋ ಫೋನು ಮಾಡಿದ. ಅವನು ನಗುತ್ತಾ ಮಾತಾಡುತ್ತಿದ್ದದ್ದು ಕಾಣಿಸುತ್ತಿತ್ತು.

ಕಾಲೋನಿಯಲ್ಲಿ ಉಳಿದರೆ ಸಂಜೆಗೆ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬಂಗಾರಪೇಟೆಗೆ ಹೋ‌ಗೋಣ ಅಂದಳು ಸೆಲ್ವಿ. ಕೋರ್ಟಿನ ಜಡ್ಜು ಇದ್ದಾರೆ, ಇವತ್ತು ರಜೆ, ಆದರೂ ಮನೆ ಅಲ್ಲೇ ಇದೆ, ಮನೆ ಮುಂದೆ ಕೂರೋಣ, ಬಾಗಿಲು ತೆಗೆಯುವ ತನಕ ಕೂರೋಣ. ಬಸ್ಸಿಗೆ ಕಾಯುವ ಹಾಗಿರಲಿಲ್ಲ. ನಡೆದೆವು.

ಕಾಲೋನಿಯಿಂದ ರಸ್ತೆಗೆ ಎರಡು ದಾರಿ. ಕೆರೆ ಏರಿಯ ಸುತ್ತುದಾರಿ ನಮ್ಮದು. ಊರೊಳಗಿನ ಬೀದಿ ಅವರದು. ದೊಡ್ಡವಳಾದ ನಮ್ಮ ಹುಡುಗಿ ಆ ಬೀದಿಯಲ್ಲಿ, ಗುಡಿಯ ಮುಂದೆ ಕಾಲಿಡುವಂತಿಲ್ಲ. ಕೆರೆ ಏರಿಯ ಮೇಲೆ ಜನವಿರುವುದಿಲ್ಲ. ಕಲಾ ಊರೊಳಗಿನ ಬೀದಿಗೇ ತಿರುಗಿದಳು. ನಾವೂ ತಿರುಗಿದೆವು. ಹಾಲಿನ ಡೈರಿಯ ಮುಂದೆ ಕ್ಯಾನು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ಒಂದೊಂದೇ ಬಾಗಿಲು ಮುಚ್ಚಿತು. ಗುಡಿಯ ಮುಂದೆ ಬಂದಾಗ ನಾನು ನಿಂತು ಕೈ ಮುಗಿದೆ. ಅಷ್ಟು ಹತ್ತಿರದಿಂದ ಆ ದೇವರನ್ನು ಕಂಡದ್ದು ಅದೇ ಮೊದಲು. ಏನೂ ಕೇಳಿಕೊಳ್ಳಲಿಲ್ಲ. ನೋಡಿಕೋ ಅಂತ ಅಷ್ಟೇ ಅಂದೆ.

ಬೂದಿಕೋಟೆ ರಸ್ತೆಗೆ ಹತ್ತಿದಾಗ ಬಿಸಿಲು ಇಳಿದಿತ್ತು. ನವ್ಯ ನಡುವೆ. ಸೀರೆ ಕಾಲಿಗೆ ಸಿಕ್ಕುತ್ತಿತ್ತು. ಕಲಾ ಅದನ್ನು ಮೊಣಕಾಲಿನವರೆಗೆ ಎತ್ತಿ, ಕೂಲಿಗೆ ಹೋಗುವಾಗ ನಾವು ಕಟ್ಟುವ ಹಾಗೆ ಕಟ್ಟಿದಳು. ಮುತ್ಯಾಲಮ್ಮ ಅವಳ ಎಡಗಡೆ. ನಾವೆಲ್ಲ ಸುತ್ತ. 

ಹಿಂದಿನಿಂದ ಕಾರಿನ ಸದ್ದು ಬಂತು. ಅದು ಮುಂದೆ ಹೋಗಲಿಲ್ಲ. ನಮ್ಮ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಹಿಂದೆಯೇ ಬಂತು. ನಾನು ಒಂದು ಸಲ ತಿರುಗಿ ನೋಡಿದೆ. ಮುಂದಿನ ಸೀಟಿನಲ್ಲಿ ಮುನೇಶ ಕೂತಿದ್ದ. ಟವೆಲ್ಲು ತೊಡೆಯ ಮೇಲಿತ್ತು. ಅದರ ಹಿಂದೆ ಇನ್ನೊಂದು ಕಾರು ಸೇರಿಕೊಂಡಿತ್ತು. ಆ ಕಾರನ್ನು ನಾವು ಮೊದಲು ಕಂಡಿರಲಿಲ್ಲ.

"ತಿರುಗ್ಬೇಡಿ ಅತ್ತೆ" ಅಂದಳು ಕಲಾ.

ಹಾರ್ನ್ ಹೊಡೆದರು. ರಸ್ತೆಯ ಅಂಚಿಗಿದ್ದ ಹೆಂಗಸರು ಒಳಗೆ ಸರಿದರು. ಇಡೀ ರಸ್ತೆಯ ಅಗಲಕ್ಕೂ ಕೈಗೆ ಕೈ ಹಿಡಿದೆವು. ಮತ್ತೆ ಹಾರ್ನ್ ಹೊಡೆದರು. ಬಂಪರಿನ ಬಿಸಿ ನನ್ನ ಮೀನಖಂಡಕ್ಕೆ ತಾಗುತ್ತಿತ್ತು.

ನಾವು ದಾರಿ ಬಿಡಲಿಲ್ಲ.